ನರ್ಸಬಾಯಿ ಹಿಡಿದ ಛತ್ರಿ

ಊರ ತುಂಬ ಸಿಪಾಯಿಗಳು ತಿರುಗುತ್ತಿದ್ದ ಪೊಲೀಸ್ ಕಾರ್ಯಾಚರಣೆಯ ದಿನಗಳಲ್ಲಿ ಭಾಲ್ಕಿಯ ನಮ್ಮ ಓಣಿಯ ಹೆಂಗಸರು ಬಯಲಿಗೆ ಹೋಗಲು ಹೆದರಿ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಬಾಣಂತಿಯಾಗಿದ್ದ ನನ್ನ ಹೆಂಡತಿ ಮಲ ಕಟ್ಟಿ ನರಳುತ್ತಿದ್ದಳು. ಮಿಷನ್ ಆಸ್ಪತ್ರೆಯ ನರ್ಸಬಾಯಿಯನ್ನು ಕರೆತಂದೆ.

"ಜುಲಾಬಿನ ಗುಳಿಗಿ ಕೊಡ್ರಿ ಬಾಯಿ."

"ಗುಳಿಗಿ ನುಂಗಿ ಆಕಿ ಎಲ್ಲಿಗಿ ಹೋಗಬೇಕ್ರಿ ಶೇಟಜಿ?"

ಸೆರಗು ಸಿಕ್ಕಿಸಿಕೊಂಡು ನನ್ನ ಹೆಂಡತಿಗೆ ಬಿಸಿನೀರು ಕುಡಿಸಿದರು. "ತಡೀಬ್ಯಾಡವ್ವಾ, ತಿಣಕಬ್ಯಾಡ. ತಿಣಕಿದ್ರ ಕಿಬ್ಬೊಟ್ಟಿ ಕೆಳಗಿನ ಬಿಗಿ ಸಡ್ಲಾಗ್ತದ." ಯಾರ ಮನೆಗೆ ಹೋದರೂ ಅವರದು ಅದೇ ಮಾತು, ನಾನೂ ಈಗ ಎಲ್ಲರಿಗೂ ಅದನ್ನೇ ಹೇಳುತ್ತೇನೆ.

ನನ್ನ ಛತ್ರಿ ಕಸಿದುಕೊಂಡು ಅವಳನ್ನು ಬಯಲಿಗೆ ಕರೆದೊಯ್ದರು. ಛತ್ರಿ ಬಿಚ್ಚಿ ಮರೆ ಹಿಡಿದು ನಿಂತರು. ಬಂದೂಕಿನ ಸಿಪಾಯಿಯೊಬ್ಬ ಅತ್ತಲೇ ನಡೆದ. ನಾನು ದೂರದಲ್ಲಿ ನಿಂತು ನೋಡುತ್ತಿದ್ದೆ.

"ಮುಖ ಆ ಕಡಿ ಮಾಡಪ್ಪಾ! ಹೆಣ್ಮಗಳು ಕುಂತಾಳ!" ನರ್ಸಬಾಯಿ ಗದರಿದರು.

ಹೊರನಾಡಿನ ಸಿಪಾಯಿಗೆ ನಮ್ಮ ಮಾತು ತಿಳಿಯಿತೋ ಇಲ್ಲವೋ, ಅವನು ಬೆನ್ನು ತಿರುಗಿಸಿದ.

ಮನೆಗೆ ಬಂದ ಹೆಂಡತಿ ತಾನಾಗಿಯೇ ನೀರು ಕೇಳಿದಳು.