ಶ್ರೀಕಾರ ಹಾಕಬಾರದ ಕಾಗದ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿರುವ ದಿನಸಿ ಪಟ್ಟಿಯ ನೆತ್ತಿಯಲ್ಲಿ ಸದಾ ಒಂದು ‘ಶ್ರೀ’ ವಿರಾಜಮಾನವಾಗಿರುತ್ತದೆ. ಅದರ ಕೆಳಗೆ ಕೊತ್ತಂಬರಿ, ಹಸಿಮೆಣಸಿನಕಾಯಿ, ಪಾತ್ರೆ ತೊಳೆಯುವ ಸೋಪು. ಸೋಪಿಗೂ ಶ್ರೀಕಾರವೇ ಎಂದು ನೀವು ನಗಬಹುದು. ಆದರೆ ಉತ್ತರಪತ್ರಿಕೆಯ ಮೇಲೆ ಶ್ರೀ ಬರೆಯದೆ ಪರೀಕ್ಷೆಗೆ ಕೈಹಾಕಿದವನು ಫೇಲಾಗುತ್ತಾನೆಂಬ ಶಾಸ್ತ್ರವನ್ನು ನಂಬಿ ಮೈಸೂರಿನಲ್ಲಿ ಬೆಳೆದವನು ನಾನು. ಶ್ರೀ ಬರೆದೂ ಫೇಲಾದ ಪ್ರಸಂಗಗಳುಂಟು. ಅವು ಇಲ್ಲಿ ಅಪ್ರಸ್ತುತ.

ಹೋದ ವರ್ಷ ನಾನೂ ನನ್ನ ಹೆಂಡತಿ ಗಿರಿಜೆಯೂ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಿದೆವು. ಎರಡು ದಶಕ ಇಲ್ಲಿನ ರಸ್ತೆಗಳನ್ನು ಸವೆಸಿ, ತೆರಿಗೆ ತೆತ್ತು, ನೀರಿನ ಮಂಡಳಿಯಿಂದ ಹಿಡಿದು ಸಕಲ ಆಡಳಿತವನ್ನೂ ಊಟದ ಮೇಜಿನಿಂದಲೇ ಖಂಡಿಸುತ್ತಿದ್ದ ನಮಗೆ ಮತ ಹಾಕುವ ಹಕ್ಕೊಂದು ಇರಲಿಲ್ಲ. ಬೇಕಾಗಿದ್ದುದು ಅದೇ. ಪೌರತ್ವ ಪರೀಕ್ಷೆಯ ಪ್ರಶ್ನಾವಳಿಯನ್ನು ಕಂಠಸ್ಥ ಮಾಡಿದ ನಾನು, ಯಾರೂ ನೇಮಿಸದಿದ್ದರೂ ಗಿರಿಜೆಯ ಗುರುವಾಗಿ ಪಟ್ಟಾಭಿಷಿಕ್ತನಾದೆ. ಪೌರರಿಗೆ ಮಾತ್ರ ಮೀಸಲಾದ ಒಂದು ಹೊಣೆಯನ್ನು ಹೆಸರಿಸಿ ಎಂದು ಒಂದು ಪ್ರಶ್ನೆ. ನ್ಯಾಯಾಲಯ ಕರೆದಾಗ ತೀರ್ಪು ಹೇಳುವ ಜ್ಯೂರಿಯಲ್ಲಿ ಕೂರುವುದು ಎಂದರೆ ಮುಗಿಯಿತು. ನಾನಾದರೋ ‘ಪ್ರಾಚೀನ ಕಾಲದಿಂದಲೂ’ ಎಂದು ಪೀಠಿಕೆ ಹಾಕಿ, ಐದು ಅಂಕಗಳಿಗೆ ಸಲ್ಲುವಂತೆ ಉಪಸಂಹಾರದವರೆಗೂ ಸಾಗುತ್ತಿದ್ದೆ.

“ಅಪ್ಪಾ, ಜಸ್ಟ್ ಒನ್ ಥಿಂಗ್!” ಎಂದು ಇಲ್ಲೇ ಹುಟ್ಟಿ ಬೆಳೆದ ಮಗಳು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಹುಬ್ಬಳ್ಳಿಯ ಗಿರಿಜೆ ಅಷ್ಟು ಮೃದುವಲ್ಲ. “ರೀ, ಅವರು ಒಂದ್ ಕೇಳಿದ್ರ ಒಂದ್ ಹೇಳ್ರಿ. ನಿಮ್ಮ ಭಾಷಣಾ ಕೇಳಿ ಆ ಆಫೀಸರೇ ದೇಶಾ ಬಿಟ್ಟು ಹೋಗ್ಯಾರು.”

ಗುರುಪೀಠದ ಮರ್ಯಾದೆ ಉಳಿಸಲು ನಾನು ಅಂತಿಮ ಉಪದೇಶ ಮಾಡಿದೆ: “ನೋಡು ಗಿರಿಜಾ, ಅಲ್ಲಿ ಒಂದು ವಾಕ್ಯ ಬರೆಸ್ತಾರೆ. ಅಭ್ಯಾಸ ಅಂತ ಮೇಲೆ ಶ್ರೀ ಗೀ ಬರೆದುಬಿಟ್ಟೀಯೆ, ಹುಷಾರು!”

ಸಂದರ್ಶನಕ್ಕೆ ಮೊದಲು ಅವಳನ್ನು ಕರೆದರು. ಸ್ವಲ್ಪ ಹೊತ್ತಿಗೇ ಗೆದ್ದ ಮುಖದಲ್ಲಿ ಹೊರಬಂದಳು. ಆಮೇಲೆ ನಾನು. ಪ್ರಶ್ನೆಗೊಂದೇ ಉತ್ತರ ಕೊಡುತ್ತಾ ಹೋದ ನನ್ನ ಸಂಯಮಕ್ಕೆ ನಾನೇ ಬೆರಗಾದೆ. ಕೊನೆಗೆ ಅಧಿಕಾರಿಯವರು ಟ್ಯಾಬ್ಲೆಟ್ಟು ಮುಂದಿಟ್ಟು, ಪೌರರು ಮತ ಹಾಕಬಹುದು ಎಂಬರ್ಥದ ಪುಟ್ಟ ಇಂಗ್ಲಿಷ್ ವಾಕ್ಯ ಹೇಳಿದರು. ಲೇಖನಿ ಹಿಡಿದ ನನ್ನ ಕೈ, ನನ್ನ ಅಪ್ಪಣೆಗೂ ಕಾಯದೆ, ಗಾಜಿನ ನೆತ್ತಿಯಲ್ಲಿ ದುಂಡಗಿನ ಶ್ರೀಯೊಂದನ್ನು ಪ್ರತಿಷ್ಠಾಪಿಸಿತು.

ಇದೇನು ಎಂದು ಅವರು ಕೇಳಿದರು. ಎರಡು ದಶಕಗಳ ಕಾಯುವಿಕೆ ಒಂದಕ್ಷರಕ್ಕೆ ಸಿಕ್ಕಿ ಒದ್ದಾಡಿತು. ‘ಪ್ರಾಚೀನ ಕಾಲದಿಂದಲೂ’ ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. ಮುಖ್ಯವಾದದ್ದನ್ನು ಬರೆಯುವ ಮೊದಲು ನಮ್ಮ ಕಡೆ ಇದನ್ನು ಬರೆಯುತ್ತೇವೆ ಎಂದಷ್ಟೇ ಹೇಳಿದೆ. ಅವರು ಕ್ಷಣಕಾಲ ಆ ಅಕ್ಷರವನ್ನೇ ನೋಡಿ, ಅಳಿಸಿ, ಈಗ ಆ ಮುಖ್ಯವಾದದ್ದನ್ನು ಬರೆಯಿರಿ ಎಂದರು. ಬರೆದೆ. ಪಾಸಾದೆ.

ಕಾರಿನಲ್ಲಿ ತಪ್ಪೊಪ್ಪಿಕೊಂಡಾಗ ಗಿರಿಜೆ ಫ್ರೀವೇ ಉದ್ದಕ್ಕೂ ನಕ್ಕಳು.

“ನೀನು ಬರೀಲೇ ಇಲ್ವಾ?”

“ಬರದ್ನಲ್ಲ! ಮನಸ್ಸಿನ್ಯಾಗ.”

ಬೆರ್ರಿಯೆಸಾ ಬಡಾವಣೆಯ ನಮ್ಮ ಮನೆ ತಲುಪುವ ಮೊದಲೇ ಗುರುಪೀಠ ಹಸ್ತಾಂತರವಾಗಿತ್ತು.

ಪ್ರಮಾಣವಚನವೂ ಆಯಿತು. ಈಚೆಗೆ ನಮ್ಮ ಮೊದಲ ಮತಪತ್ರಗಳು ಅಂಚೆಯಲ್ಲಿ ಬಂದವು, ಜೊತೆಗೊಂದು ದಪ್ಪ ಕೈಪಿಡಿ. ಮನೆಯಲ್ಲೇ ತುಂಬಿ, ಬೀದಿಯ ಮತಪೆಟ್ಟಿಗೆಗೆ ಹಾಕಿಬಂದರಾಯಿತು. ಇಲ್ಲಿ ನೀರಿನ ಮಂಡಳಿಗೂ ಚುನಾವಣೆಯುಂಟು; ಇಷ್ಟು ವರ್ಷ ನಿರರ್ಗಳವಾಗಿ ಬೈದ ಆ ಮಂಡಳಿಗೆ ಯಾರು ಯೋಗ್ಯರೆಂದು ಮೂರು ಸಂಜೆ ಕೂತು ಓದಿದೆವು. ಬೈಯುವುದು ಎಷ್ಟು ಸುಲಭದ ಕಸುಬಾಗಿತ್ತೆಂದು ಆಗ ತಿಳಿಯಿತು. ಕಡೆಗೆ ಪೆನ್ನು ಹಿಡಿದೆ. ಮತಪತ್ರದಲ್ಲಿ ಬೇರೇನನ್ನೂ ಗೀಚಬಾರದೆಂದು ಸೂಚನೆ. ನನ್ನ ಕೈ ಮಾತ್ರ ಮೆಲ್ಲನೆ ಕಾಗದದ ನೆತ್ತಿಯತ್ತ ಸರಿಯುತ್ತಿತ್ತು. ಗಿರಿಜೆ ಒಂದು ಖಾಲಿ ಚೀಟಿ ತಂದು ಪೆನ್ನಿನ ಅಡಿಗೆ ತಳ್ಳಿದಳು.

“ಇದರ ಮ್ಯಾಲ ಬರೀರಿ. ಆಮ್ಯಾಲ ಅದು.”

ಬರೆದೆ. ಆಮೇಲೆ ಮತಪತ್ರದಲ್ಲಿ ಹೆಸರುಗಳ ಪಕ್ಕದ ವೃತ್ತಗಳನ್ನು ಗೆರೆ ದಾಟದಂತೆ ಒಂದೊಂದಾಗಿ ತುಂಬಿದೆ, ಹೆಮ್ಮೆಯಿಂದ, ಪೀಠಿಕೆಯಿಲ್ಲದೆ.

ಆ ಚೀಟಿ ಈಗ ಫ್ರಿಜ್ಜಿನ ಮೇಲಿದೆ. ನೆತ್ತಿಯಲ್ಲಿ ನನ್ನ ಶ್ರೀ, ಅದರ ಕೆಳಗೆ ಗಿರಿಜೆಯ ಅಕ್ಷರದಲ್ಲಿ ‘ಮತ ಪೆಟ್ಟಿಗೆಗೆ ಹಾಕುವುದು’, ಕೊತ್ತಂಬರಿ ಎರಡನೆಯದು.