ಅತ್ತೆಯ ಪಾದದ ಅಳತೆ

ನನ್ನ ಪಾದದ ಅಳತೆಯ ವಿಷಯದಲ್ಲಿ ನಾನು ಒಮ್ಮೆ ಸುಳ್ಳು ಹೇಳಿದ್ದೇನೆ. ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳುವವರು ಬುದ್ಧಿವಂತರು. ಆ ಸುಳ್ಳನ್ನು ಮೆಟ್ಟಿಕೊಂಡು ನಡೆಯಬೇಕಾಗಿಲ್ಲ. ಶಿವಮೊಗ್ಗದ ಅಂಗಡಿಯವನು "ಎಷ್ಟನೇ ನಂಬರು ಅಮ್ಮಾ?" ಎಂದು ಕೇಳಿದಾಗ, ನನ್ನ ನಿಜವಾದ ನಂಬರು ಯಾಕೋ ಹೆಂಗಸಿಗೆ ಒಪ್ಪುವಂಥದ್ದಲ್ಲ ಎನಿಸಿ ಒಂದು ಅಂಕಿ ಇಳಿಸಿ ಹೇಳಿದೆ. ಅವನು ನಂಬಿ ತೆಗೆದುಕೊಟ್ಟ. ಮುಂದೆ ಚೂಪು, ಹಿಂದೆ ಎತ್ತರ, ಕಂದು ಬಣ್ಣದ ಚಪ್ಪಲಿ. ಯಾವುದೋ ವಾರಪತ್ರಿಕೆಯ ಜಾಹೀರಾತಿನಲ್ಲಿ ಹಡಗಿನ ಕಟಕಟೆಗೆ ಒರಗಿ ನಿಂತ ಹೆಂಗಸೊಬ್ಬಳ ಕಾಲಲ್ಲಿ ಅಂಥದ್ದನ್ನೇ ನೋಡಿದ್ದೆ. ಆಕೆ ನಿಂತಿದ್ದಳು, ನಡೆಯುತ್ತಿರಲಿಲ್ಲ ಎಂಬುದನ್ನು ನಾನು ಗಮನಿಸಬೇಕಾಗಿತ್ತು.

ಹಡಗು ಎಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಶಿಕಾರಿಪುರದಲ್ಲಿ ಹಡಗಿಲ್ಲ. ಕೆರೆಯಿದೆ, ಅದರಲ್ಲಿ ಎಮ್ಮೆಗಳು ತೇಲುತ್ತವೆ. ನಾನು ಹೇಳುತ್ತಿರುವುದು ಐವತ್ತರ ದಶಕದ ಕೊನೆಯ ಮಾತು. ಕಾರವಾರ ಆಗಷ್ಟೇ ನಮ್ಮ ರಾಜ್ಯಕ್ಕೆ ಬಂದಿತ್ತು. ನಮ್ಮ ಯಜಮಾನರದು ಜವಳಿ ಅಂಗಡಿ. ಅವರಿಗೆ ಬಟ್ಟೆ ಕಳಿಸುತ್ತಿದ್ದ ಮುಂಬಯಿಯ ವ್ಯಾಪಾರಿಯೊಬ್ಬರು "ಒಮ್ಮೆ ಮನೆಯವರನ್ನೆಲ್ಲ ಕರೆದುಕೊಂಡು ಕಾರವಾರದಿಂದ ಹಡಗಿನಲ್ಲಿ ಬನ್ನಿ, ಸುಖವಾಗಿರುತ್ತದೆ" ಎಂದು ಕಾಗದ ಬರೆದರು. ಆ "ಸುಖ" ಎಂಬ ಶಬ್ದವೇ ನಮ್ಮನ್ನು ಪೇಚಿಗೆ ಸಿಕ್ಕಿಸಿತು. ನಮ್ಮೂರಿನಲ್ಲಿ ಜನ ಮದುವೆಗೆ ಹೋಗುತ್ತಿದ್ದರು, ಮಣ್ಣಿಗೆ ಹೋಗುತ್ತಿದ್ದರು, ಕೋರ್ಟಿಗೆ ಹೋಗುತ್ತಿದ್ದರು. ಸುಖಕ್ಕೆ ಯಾರೂ ಹೋಗುತ್ತಿರಲಿಲ್ಲ. ನಾವು ಹೊರಡುವ ಸುದ್ದಿ ಹಬ್ಬಿದ ಕೂಡಲೇ ಪಕ್ಕದ ಮನೆಯವರು ಬಂದು ತಗ್ಗಿದ ದನಿಯಲ್ಲಿ, "ಯಾರಿಗೆ ಆರಾಮಿಲ್ಲರೀ?" ಎಂದು ಕೇಳಿದರು.

ಹೊರಡುವವರು ಮೂವರು: ಯಜಮಾನರು, ನಾನು, ನನ್ನ ಅತ್ತೆ ಗಂಗಮ್ಮನವರು. ಅತ್ತೆಗೆ ಆಗ ಅರವತ್ತರ ಹತ್ತಿರ. ಮಾತು ಕಡಿಮೆ, ನಗು ಅದಕ್ಕಿಂತ ಕಡಿಮೆ. ಕಾಗದ ಓದಿ ಹೇಳಿದಾಗ, "ನೀರು ನೋಡಾಕ ಅಷ್ಟು ದೂರ ಯಾಕ?" ಎಂದರು. ಆದರೆ ಬರುವುದಿಲ್ಲ ಎನ್ನಲಿಲ್ಲ.

ಏನೇನು ಕಟ್ಟಿಕೊಳ್ಳಬೇಕು ಎಂದು ಕೇಳಲು ಹಡಗು ಹತ್ತಿದ ಒಬ್ಬರಾದರೂ ಬೇಕಲ್ಲ. ನನ್ನ ತವರು ಸೊರಬ. ಅಲ್ಲಿ ನಮ್ಮ ಮನೆಯ ಎದುರಿಗೇ ನಿವೃತ್ತ ಹವಾಲ್ದಾರರೊಬ್ಬರಿದ್ದರು. ಯುದ್ಧದ ಕಾಲದಲ್ಲಿ ಹಡಗಿನಲ್ಲಿ ಪರದೇಶಕ್ಕೆ ಹೋಗಿ ಬಂದವರು. ಅಲ್ಲಿ ಏನು ಕಂಡರೆಂದು ಯಾರು ಕೇಳಿದರೂ ಅವರು ಕಾಲಿನ ವಿಷಯವನ್ನೇ ಹೇಳುತ್ತಿದ್ದರು.

"ಬಟ್ಟೆ ಎಂಥದ್ದಾದ್ರೂ ಹಾಕ್ಕೊಳ್ಳಿ," ಎಂದು ಅವರು ಯಜಮಾನರಿಗೆ ಪಾಠ ಮಾಡಿದರು. "ಆದ್ರೆ ಚರ್ಮದ ಅಟ್ಟೆ ಮಾತ್ರ ಬೇಡ. ಹಲಗೆ ಒದ್ದೆ ಇರ್ತದೆ, ಜಾರಿದ್ರೆ ಸೀದಾ ಸಮುದ್ರಕ್ಕೆ. ಬರಿಗಾಲೂ ಬೇಡ. ಮಧ್ಯಾಹ್ನ ಕಬ್ಬಿಣ ಕಾದು ಅಂಗಾಲು ದೋಸೆ ಆಗ್ತದೆ. ರಬ್ಬರಿನ ಅಟ್ಟೆ ಬೇಕು, ಗೊತ್ತಾತಾ? ಮೆತ್ತಗಿರ್ಬೇಕು, ಬಿಗಿ ಇರಬಾರ್ದು, ಜಾರಬಾರ್ದು."

ಯಜಮಾನರು ಈ ಉಪದೇಶವನ್ನು ಶ್ರದ್ಧೆಯಿಂದ ಕೇಳಿ, ಕ್ಯಾನ್‌ವಾಸ್ ಬೂಟು ಒಂದು ಜೊತೆ ಕೊಂಡರು. ಅದು ಒದ್ದೆಯಾದರೆ ಎಂದು ಇನ್ನೊಂದು ಜೊತೆ. ಮುಂಬಯಿಯಲ್ಲಿ ಸಗಟು ವ್ಯಾಪಾರಿಯ ಮುಂದೆ ಹುಡುಗರ ಡ್ರಿಲ್ ಬೂಟಿನಲ್ಲಿ ಹೇಗೆ ನಿಲ್ಲುವುದೆಂದು ಕರಿಯ ಚರ್ಮದ್ದೊಂದು. ನಾನಂತೂ ಉಪದೇಶ ಕೇಳಿಸಿಕೊಂಡೂ ಶಿವಮೊಗ್ಗಕ್ಕೆ ಹೋಗಿ ಆ ಸುಳ್ಳು ಹೇಳಿ ಬಂದೆ. ಉಳಿದದ್ದು ಅತ್ತೆಯ ಕಾಲು.

ಅತ್ತೆ ಹುಟ್ಟಿದಾರಭ್ಯ ಕಾಲಿಗೆ ಏನನ್ನೂ ಹಾಕಿದವರಲ್ಲ. ನಮ್ಮ ಮನೆತನದಲ್ಲಿ ಹೆಂಗಸರು ಹಿರಿಯರ ಎದುರು ಚಪ್ಪಲಿ ಮೆಟ್ಟಿ ನಡೆಯುವುದಿಲ್ಲ. ಮನೆಯ ಮುಂದಿನ ಕಟ್ಟೆಯ ಮೇಲೆ ಬೆಳಗಿನಿಂದ ಸಂಜೆಯವರೆಗೆ ಯಾರಾದರೊಬ್ಬ ಹಿರಿಯರು ಕೂತೇ ಇರುತ್ತಿದ್ದುದರಿಂದ ಆ ನಿಯಮಕ್ಕೆ ಬಿಡುವೇ ಇರಲಿಲ್ಲ. ನಾನು ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳುವವಳು. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ಭಾಷಣ ಸ್ಪರ್ಧೆಗೆ ಮಕ್ಕಳಿಗೆ ಬರೆದುಕೊಡುತ್ತಿದ್ದವಳೂ ನಾನೇ. ದಿನಾ ಬೆಳಗ್ಗೆ ಚಪ್ಪಲಿಯನ್ನು ಕಾಪಿ ಪುಸ್ತಕಗಳ ನಡುವೆ ಚೀಲದಲ್ಲಿಟ್ಟುಕೊಂಡು ಬರಿಗಾಲಲ್ಲಿ ಬೀದಿಯ ತಿರುವು ದಾಟಿ, ಅಲ್ಲಿ ಹಾಕಿಕೊಳ್ಳುತ್ತಿದ್ದೆ.

ಹಾಗೆಂದು ನಮ್ಮಲ್ಲಿ ಕಾಲಿಗೆ ಮರ್ಯಾದೆಯಿಲ್ಲವೆಂದಲ್ಲ. ಜಂಗಮರು ಬಂದರೆ ಪಾದ ತೊಳೆದ ನೀರನ್ನು ಕಣ್ಣಿಗೊತ್ತಿಕೊಳ್ಳುತ್ತೇವೆ. ಪುರಾಣದಲ್ಲಿ ಒಂದು ಜೊತೆ ಪಾದುಕೆ ಸಿಂಹಾಸನದ ಮೇಲೆ ಕೂತು ರಾಜ್ಯವನ್ನೇ ಆಳಿದೆ. ನಮ್ಮ ಮಾತಿನಲ್ಲಿ ಕಾಲಿಗೆ ಬೀಳುವುದು, ಕಾಲು ಹಿಡಿಯುವುದು, ಕಾಲೆಳೆಯುವುದು, ಕಾಲು ಕೆರೆಯುವುದು ಎಲ್ಲವೂ ಇದೆ. ಆ ಕಾಲು ನೋಯುತ್ತದೆಯೇ ಎಂದು ಕೇಳುವುದಕ್ಕೆ ಮಾತ್ರ ಬೇರೊಂದು ನುಡಿಗಟ್ಟು ಹುಟ್ಟಲಿಲ್ಲ.

ಅತ್ತೆಯ ಪಾದಕ್ಕೆ ಹೊಂದುವ ಚಪ್ಪಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಅರವತ್ತು ವರ್ಷ ನೆಲದ ಮೇಲೆ ತನ್ನಿಷ್ಟದಂತೆ ಹರಡಿಕೊಂಡ ಪಾದ ಅದು. ಕೊನೆಗೆ ಶಿರಾಳಕೊಪ್ಪದ ಸಂತೆಬೀದಿಯಲ್ಲಿ ಕೂರುತ್ತಿದ್ದ ದುರ್ಗಪ್ಪನೆಂಬ ಚಪ್ಪಲಿ ಹೊಲಿಯುವವನ ಹೆಸರು ಯಾರೋ ಹೇಳಿದರು. ಯಜಮಾನರು ಹೋಗಿ ಕೇಳಿದರೆ, "ಕಾಗದದ ಮ್ಯಾಲೆ ಪಾದ ಇಟ್ಟು ಸುತ್ತ ಸೀಸಕಡ್ಡಿಲೆ ಗೆರೆ ಎಳೆದು ತರ್ರಿ" ಎಂದನಂತೆ. ಅವನೇ ಬಂದು ಅಳತೆ ತೆಗೆಯುವಂತಿರಲಿಲ್ಲ. ಕಾನೂನು ಬದಲಾಗಿತ್ತು, ನಮ್ಮ ಕಟ್ಟೆ ಬದಲಾಗಿರಲಿಲ್ಲ.

ಗೆರೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಹಿಂದಿನ ಕೋಣೆಯಲ್ಲಿ ಹಾಳೆ ಹಾಸಿ, ಅತ್ತೆಯನ್ನು ಅದರ ಮೇಲೆ ನಿಲ್ಲಿಸಿ, ನಾನು ನೆಲಕ್ಕೆ ಕೂತೆ. ಹನ್ನೆರಡು ವರ್ಷ ಹಬ್ಬಹಬ್ಬಕ್ಕೂ ಆ ಪಾದಕ್ಕೆ ನಮಸ್ಕಾರ ಮಾಡಿದ್ದೆ. ಒಂದು ದಿನವೂ ನೋಡಿರಲಿಲ್ಲ. ಸೀಸಕಡ್ಡಿ ಅಂಗಾಲಿನ ಒಳಬಾಗಿಗೆ ಬಂದಾಗ ಅತ್ತೆಯ ಕಾಲು ಫಕ್ಕನೆ ಹಿಂದಕ್ಕೆ ಹೋಯಿತು. ಮೇಲಿನಿಂದ ವಿಚಿತ್ರವಾದ ಸದ್ದೊಂದು ಬಂತು. ತಲೆಯೆತ್ತಿ ನೋಡಿದರೆ ನನ್ನ ಅತ್ತೆ, ಇಡೀ ಬೀದಿ ಹೆದರುವ ಗಂಗಮ್ಮನವರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕುಲುಕುಲು ನಗುತ್ತಿದ್ದರು.

"ಕಚಗುಳಿ ಆಗ್ತದ. ಬಿಡು ನೀನು!"

"ಅಲ್ಲಾಡಬ್ಯಾಡ್ರೀ ಅತ್ತೀ, ಗೆರೆ ವಾರೆ ಆಗ್ತದ."

ಮೂರು ಹಾಳೆ ಕೆಟ್ಟವು. ನಾಲ್ಕನೆಯದರಲ್ಲಿ ಎರಡು ಪಾದಗಳೂ ಮೂಡಿದವು. ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿ ಕೂತಿದ್ದುದರಿಂದ ಅಲ್ಲಿ ಗೆರೆ ಸ್ವಲ್ಪ ಉಬ್ಬಿತು. ನನ್ನ ಕೈ ನಡುಗಿರಬೇಕೆಂದು ಯಜಮಾನರು ಬೈದರು.

ಎಂಟು ದಿನಕ್ಕೆ ದುರ್ಗಪ್ಪ ತಾನೇ ಚಪ್ಪಲಿ ತೆಗೆದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬಂದ. ಬಸ್ಸಿನ ಹಳೆಯ ಟೈರನ್ನು ತೆಳ್ಳಗೆ ಸೀಳಿ ಮಾಡಿದ ಅಟ್ಟೆ, ಮೇಲೆ ಎಣ್ಣೆ ಕುಡಿಸಿ ಮೆದುಗೊಳಿಸಿದ ಅಗಲವಾದ ಪಟ್ಟಿ, ಹಿಂದೆ ಬಾರು. ನೋಡಲು ಏನೂ ಚಂದವಿರಲಿಲ್ಲ. ಎಡಗಾಲಿನದಕ್ಕೆ ಮಾತ್ರ ಒಂದು ಕಡೆ ಚರ್ಮವನ್ನು ಪುಟ್ಟ ಗೂಡಿನ ಹಾಗೆ ಎತ್ತಿ ಹೊಲಿದಿದ್ದ.

"ಈ ಕಿರುಬೆರಳು ಮುರಿದು ಕೂಡೈತ್ರೀ ತಾಯಿ," ಎಂದ, ಅತ್ತೆಯ ಕಡೆ ನೋಡದೆ, ಕೈಯಲ್ಲಿದ್ದ ಕಾಗದ ನೋಡುತ್ತಾ. "ನಡೀವಾಗ ನೋಯ್ತದೇನ್ರೀ?"

ಅತ್ತೆ ಬಗ್ಗಿ ತಮ್ಮ ಎಡಗಾಲು ನೋಡಿಕೊಂಡರು. "ಮದುವಿಯಾಗಿ ಬಂದ ವರ್ಷ ಹೊಸಲಿಗೆ ಎಡವಿದ್ದೆ," ಎಂದರು. "ನೋಯ್ತದ. ಮಳಿಗಾಲದಾಗ ಭಾಳ ನೋಯ್ತದ."

ನಾನು ಹನ್ನೆರಡು ವರ್ಷದಿಂದ ಆ ಮನೆಯಲ್ಲಿದ್ದೆ. ಯಜಮಾನರು ಹುಟ್ಟಿದಂದಿನಿಂದ ಇದ್ದರು. ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು.

"ಬಾರು ನಾನ ಬಿಗಿ ಮಾಡಿದ್ರ ಛಲೋರೀ," ಎಂದ ದುರ್ಗಪ್ಪ, ನೆಲ ನೋಡುತ್ತಾ. "ಹೆಚ್ಚುಕಡಿಮಿ ಆದ್ರ ಕಚ್ತದ."

ಅತ್ತೆ ಹಿಂದೆ ಮುಂದೆ ನೋಡಿದರು. ಆಮೇಲೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಕಾಲು ಮುಂದೆ ಚಾಚಿ, "ಮಾಡು" ಎಂದರು. ಅವನು ಮಂಡಿಯೂರಿ ಎರಡೂ ಬಾರು ಬಿಗಿದು, ಬೆರಳು ತೂರಿಸಿ ಸಡಿಲ ನೋಡಿ ಎದ್ದ. ಅವನು ಹೋದ ಮೇಲೆ ಅತ್ತೆ ಸ್ನಾನಕ್ಕೆ ಹೋಗುತ್ತಾರೆಂದು ನಾನು ನೀರು ಕಾಯಿಸಲು ಹೊರಟಿದ್ದೆ. ಅವರು ಹೋಗಲಿಲ್ಲ. ಆದರೆ ಅವನಿಗೆ ಕಾಫಿ ಕೊಟ್ಟದ್ದು ಹಿತ್ತಲ ಗೂಡಿನಲ್ಲಿ ಬೇರೆ ಇಟ್ಟಿದ್ದ ಲೋಟದಲ್ಲೇ, ಕೊಟ್ಟವಳು ನಾನೇ. ನಮ್ಮ ಮನೆಯಲ್ಲಿ ಸುಧಾರಣೆ ಕಾಲಿನ ಕಡೆಯಿಂದ ಬರುತ್ತಿತ್ತು, ಕೈಯವರೆಗೆ ಇನ್ನೂ ಏರಿರಲಿಲ್ಲ.

ಅಭ್ಯಾಸ ಬೇಕಲ್ಲ, ಅತ್ತೆ ದಿನಾ ಮಧ್ಯಾಹ್ನ ಹಿತ್ತಲಲ್ಲಿ ಬಾವಿಯಿಂದ ಕೊಟ್ಟಿಗೆಯವರೆಗೆ ನಡೆಯತೊಡಗಿದರು. ಮೊದಲ ದಿನ ಕೊಕ್ಕರೆಯಂತೆ ಒಂದೊಂದೇ ಕಾಲೆತ್ತಿ ಇಡುತ್ತಿದ್ದರು. ಎಮ್ಮೆ ಗಾಬರಿಯಾಗಿ ಹಗ್ಗ ಜಗ್ಗಿತು. ನಾಲ್ಕನೆಯ ದಿನಕ್ಕೆ ಎಮ್ಮೆಗೂ ಅತ್ತೆಗೂ ರೂಢಿಯಾಯಿತು. ಆದರೆ ಆ ಟಪಟಪ ಸದ್ದು ಮುಂಬಾಗಿಲ ಕಟ್ಟೆಗೂ ಕೇಳಿಸಿತ್ತು. ಅಲ್ಲಿ ಕೂರುತ್ತಿದ್ದವರು ಚಿಕ್ಕಮಾವ, ಅಂದರೆ ಅತ್ತೆಯ ಮೈದುನ. ಮಾವನವರು ತೀರಿಕೊಂಡ ಮೇಲೆ ಮನೆಯ ಮರ್ಯಾದೆ ಅವರ ವಶದಲ್ಲಿತ್ತು. ಯಜಮಾನರನ್ನು ಕರೆದು ಅವರು ತೀರ್ಪು ಕೊಟ್ಟರು:

"ಹಡಗಿನಾಗ ಹಾಕ್ಕೊಳ್ಳಲಿ. ಸಮುದ್ರದಾಗ ನಮ್ಮನ್ನ ಯಾರು ನೋಡ್ತಾರ? ಊರಾಗ ಮಾತ್ರ ಬ್ಯಾಡ."

ಹಾಗಾಗಿ ನಾವು ಹೊರಟ ದಿನ ಅತ್ತೆಯೂ ನಾನೂ ಬಸ್ ನಿಲ್ದಾಣದವರೆಗೆ ಬರಿಗಾಲಲ್ಲಿ ನಡೆದೆವು. ಮೂವರಿಗೆ ಒಟ್ಟು ಐದು ಜೊತೆ ಹೊಸ ಪಾದರಕ್ಷೆಗಳಿದ್ದವು, ಅವೆಲ್ಲ ಟ್ರಂಕಿನಲ್ಲಿದ್ದವು.

ಕಾರವಾರದಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ದೂರದಲ್ಲಿ ನಿಂತಿರುತ್ತದೆ, ದೋಣಿಯಲ್ಲಿ ಹೋಗಿ ಏಣಿ ಹತ್ತಬೇಕು ಎಂಬುದನ್ನು ಹವಾಲ್ದಾರರು ಹೇಳಿರಲಿಲ್ಲ. ನಾನು ಆ ಕಂದು ಚಪ್ಪಲಿ ಹಾಕಿಕೊಂಡೇ ದೋಣಿಗೆ ಕಾಲಿಟ್ಟೆ. ಏಣಿಯ ಮೂರನೆಯ ಮೆಟ್ಟಿಲ ಸಂದಿಯಲ್ಲಿ ಚಪ್ಪಲಿಯ ಹಿಮ್ಮಡಿ ಸಿಕ್ಕಿಕೊಂಡಿತು. ಮೇಲೆ ಹೋಗಲಾರೆ, ಕೆಳಗೆ ಇಳಿಯಲಾರೆ. ಕೆಳಗೆ ಅಲೆ, ಹಿಂದೆ ಸಾಲುಗಟ್ಟಿದ ಜನ. ದೋಣಿಯವನು ಕೊಂಕಣಿಯಲ್ಲಿ ಏನೋ ಕೂಗಿದ, ನನಗೆ ಅರ್ಥವಾಗದ್ದು ಒಳ್ಳೆಯದೇ ಆಯಿತು. ಕೊನೆಗೆ ಕಾಲು ಕಿತ್ತುಕೊಂಡು ಬರಿಗಾಲಲ್ಲಿ ಮೇಲೇರಿದೆ. ಚಪ್ಪಲಿಗಳು ಕೈಯಿಂದ ಕೈಗೆ ದಾಟುತ್ತಾ ನನ್ನ ಹಿಂದೆ ಬಂದವು. ನನ್ನ ಹಿಂದಿದ್ದ ಅತ್ತೆ ಟೈರಿನ ಅಟ್ಟೆ ಊರಿ, ಹಿತ್ತಲ ಮೆಟ್ಟಿಲು ಹತ್ತಿದ ಹಾಗೆ ಹತ್ತಿ ಬಂದರು.

ಯಜಮಾನರ ಕ್ಯಾನ್‌ವಾಸ್ ಬೂಟು ದೋಣಿಯಲ್ಲೇ ಒದ್ದೆಯಾಗಿತ್ತು. ಎರಡನೆಯ ಜೊತೆ ಹಾಕುವ ಮೊದಲೇ ಅವರಿಗೆ ಹೊಟ್ಟೆ ತೊಳಸತೊಡಗಿ, ಚಾಪೆಯ ಮೇಲೆ ಮಲಗಿದವರು ಮುಂಬಯಿ ಕಾಣುವವರೆಗೆ ಏಳಲಿಲ್ಲ. ನಾನು ಬೊಬ್ಬೆ ಬಂದ ಹಿಮ್ಮಡಿಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಅವರ ಪಕ್ಕದಲ್ಲಿ ಕೂತೆ. ಅತ್ತೆ ನಡೆಯುತ್ತಿದ್ದರು. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಗಾಳಿಗೆ ಸೆರಗು ಹಾರುತ್ತಿತ್ತು. ಮೂರು ಸಲ ನನ್ನ ಮುಂದೆ ಹಾದುಹೋದ ಮೇಲೆ ಏನಾದರೂ ಬೇಕಾಗಿದೆಯೇನೋ ಎಂದು ಕೇಳಿದೆ:

"ಎಲ್ಲಿಗೆ ಹೊಂಟೀರಿ ಅತ್ತೀ?"

"ಎಲ್ಲಿಗೂ ಇಲ್ಲ," ಎಂದರು ನಿಲ್ಲದೆ. "ಸುಮ್ಮನ."

ನಾನು ಯೋಚಿಸಿದೆ. ಅತ್ತೆ ಬಾವಿಗೆ ನಡೆದಿದ್ದರು, ಹೊಲಕ್ಕೆ ನಡೆದಿದ್ದರು, ಬಾಣಂತನಕ್ಕೆ, ಸೂತಕಕ್ಕೆ ನಡೆದಿದ್ದರು. ತಲೆಯ ಮೇಲೋ ಸೊಂಟದಲ್ಲೋ ಏನಾದರೊಂದು ಹೊತ್ತುಕೊಂಡೇ ನಡೆದಿದ್ದರು. ಎಲ್ಲಿಗೂ ಅಲ್ಲದೆ, ಬರಿಗೈಯಲ್ಲಿ ನಡೆದದ್ದು ಅದೇ ಮೊದಲು. ಸಂಜೆ ಬಿಸಿಲು ಇಳಿಯುವವರೆಗೂ ಅವರು ಕೂರಲಿಲ್ಲ.

ಮುಂಬಯಿಯ ಕಥೆ ಇಲ್ಲಿ ಬೇಡ. ಅಲ್ಲಿ ಎಲ್ಲರ ಕಾಲಲ್ಲೂ ಏನೋ ಒಂದಿತ್ತು, ಯಾರೂ ಯಾರ ಕಾಲನ್ನೂ ನೋಡುತ್ತಿರಲಿಲ್ಲ. ಹದಿನೈದು ದಿನದ ಮೇಲೆ ಒಂದು ಮಧ್ಯಾಹ್ನ ಶಿಕಾರಿಪುರದಲ್ಲಿ ಬಸ್ಸಿಳಿದೆವು. ನಾನು ಅಭ್ಯಾಸಬಲದಿಂದ ಚಪ್ಪಲಿ ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಅತ್ತೆಯ ಕಡೆ ನೋಡಿದೆ. ಅವರು ಬಗ್ಗಿದರು. ಬಿಚ್ಚಲು ಬಗ್ಗಿದರೆಂದುಕೊಂಡೆ, ಎಡಗಾಲಿನ ಬಾರು ಬಿಗಿ ಮಾಡಿಕೊಂಡು ಎದ್ದರು.

ಪೇಟೆಬೀದಿಯ ಉದ್ದಕ್ಕೂ ಆ ಟಪಟಪ ಸದ್ದು. ಅಂಗಡಿಗಳಲ್ಲಿ ಮಾತು ನಿಂತಿತು. ಯಜಮಾನರು ಟ್ರಂಕು ಹೊತ್ತವನ ಜೊತೆ ಹತ್ತು ಮಾರು ಮುಂದೆ, ನಮ್ಮ ಪರಿಚಯವಿಲ್ಲದವರಂತೆ ಹೋಗುತ್ತಿದ್ದರು. ಕಟ್ಟೆಯ ಮೇಲೆ ಚಿಕ್ಕಮಾವ ಕೂತಿದ್ದರು. ಅತ್ತೆ ಅವರ ಮುಂದೆಯೇ ಹಾದು, ಬಾಗಿಲಲ್ಲಿ ಚಪ್ಪಲಿ ಬಿಚ್ಚಿ, ಗಂಡಸರ ಜೋಡುಗಳ ಸಾಲಿನಲ್ಲೇ ಒಂದು ಬದಿಗೆ ಜೋಡಿಸಿಟ್ಟು, "ಆರಾಮ ಇದ್ದೀಯೇನಪಾ?" ಎಂದು ಕೇಳಿ ಒಳಗೆ ಹೋದರು. ಚಿಕ್ಕಮಾವ ಬಾಯಿ ತೆರೆದರು. ಹೊರಗೆ ಬಂದದ್ದು "ಆರಾಮ" ಎಂಬ ಮಾತೊಂದೇ.

ಆಮೇಲೆ ಅವರ ಕಣ್ಣು ನನ್ನ ಬರಿಗಾಲಿನ ಮೇಲೆ ಬಿತ್ತು. ಮುಖ ಅರಳಿತು. "ನೀನಾರ ಮನಿ ಮರ್ಯಾದಿ ಉಳಿಸಿದಿ ನೋಡವ್ವ," ಎಂದರು. "ಓದಿದಾಕಿ ಅಂದ್ರ ಹಿಂಗಿರಬೇಕು."

ಹನ್ನೆರಡು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಆ ಕಂದು ಚಪ್ಪಲಿ ಕೂಡ ನನ್ನನ್ನು ಅಷ್ಟು ಕಚ್ಚಿರಲಿಲ್ಲ.

ಅತ್ತೆ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಊಟಕ್ಕೆ ಕೂತಾಗ ನನ್ನ ತಟ್ಟೆಗೆ ತಾವೇ ರೊಟ್ಟಿ ಹಾಕಿ, ಅದರ ಮೇಲೆ ಎಂದಿಗಿಂತ ಒಂದು ಚಮಚ ಹೆಚ್ಚು ಬೆಣ್ಣೆ ಇಟ್ಟರು.

"ತಿನ್ನವ್ವ," ಎಂದರು. "ಮನಿ ಮರ್ಯಾದಿ ಹೊತ್ಕೊಂಡು ಬಂದೀದಿ. ದಣಿವಾಗಿರ್ತದ."