ನನ್ನ ವೆಲ್ಡಿಂಗ್ ಬಿಡ್ಲಿಲ್ಲ

ಮಕ್ಕಳ ಆಣೆ, ಇದು ನಡೆದದ್ದೇ. ಸೌದಿಯ ದಮ್ಮಾಮಿನಲ್ಲಿ ಆಗ ನನ್ನಂಥ ವೆಲ್ಡರ್ ಇನ್ನೊಬ್ಬ ಇರ್ಲಿಲ್ಲ. ನಮ್ಮ ಬಿಳಿ ಇಂಜಿನಿಯರ್ ಹಿಮದಲ್ಲಿ ಜಾರುವ ಹಲಗೆ ತಂದು ಮರಳುಗುಡ್ಡೆಯಲ್ಲಿ ಜಾರ್ತಿದ್ದ. ಮರಳು ಹೊಕ್ಕು, ಬೂಟು ಹಿಡಿಯುವ ಕ್ಲಿಪ್ಪು ಸುಮ್ಮಸುಮ್ಮನೆ ಬಿಚ್ಚಿಕೊಳ್ತಿತ್ತು.

"ಸ್ವಲ್ಪ ಬಿಗಿ ಮಾಡು. ಆದ್ರೆ ಬಿದ್ದಾಗ ಬೂಟು ಬಿಡ್ಬೇಕು, ಇಲ್ಲದಿದ್ರೆ ಕಾಲು ಮುರೀತದೆ," ಅಂದ.

"ನಾನು ಮಾಡಿದ್ದು ಬಿಡುದುಂಟಾ ಸಾಹೇಬ್ರೇ?" ಅಂತ ಸ್ಪ್ರಿಂಗಿಗೇ ವೆಲ್ಡ್ ಹೊಡೆದೆ, ಹೊರಗೆ ಕಾಣದ ಹಾಗೆ.

ಶುಕ್ರವಾರ ಗುಡ್ಡೆಯಿಂದ ಬಿದ್ದ. ಹಲಗೆ ಮರಳಲ್ಲಿ ಹೂತು ನಿಂತಿತು, ಮೈ ತಿರುಗಿತು, ಕಾಲಿನ ಎಲುಬು ಹೊರಗೆ ಬಂತು.

"ಬೂಟು ಬಿಡಿಸು ಮಾರಾಯ, ಸಾಯ್ತಾನೆ!" ಡ್ರೈವರ್ ಮೋನು ಬೊಬ್ಬೆ ಹೊಡೆದ. ಸುತ್ತಿಗೆಯಲ್ಲಿ ಬಡಿದ್ರೂ ಬಿಡ್ಲಿಲ್ಲ. ಹಲಗೆ ಸಮೇತ ಆಸ್ಪತ್ರೆಗೆ ಒಯ್ದೆವು. ಕಾಲು ಕತ್ತರಿಸಿದ್ರು.

ವೆಲ್ಡಿಂಗಲ್ಲಿ ಒಂದು ಬಿರುಕಿಲ್ಲ, ಬೇಕಾದ್ರೆ ಮೋನುವನ್ನು ಕೇಳಿ. ಅಂಥ ಕೆಲಸಕ್ಕೆ ನನ್ನ ವೀಸಾದ ಧಣಿ ಕಫೀಲ್ ನನ್ನ ಸಂಬಳದಲ್ಲಿ ಹಿಡಿದದ್ದು ಆರುನೂರ ನಲವತ್ತು ರಿಯಾಲ್.